ಬೀಗರ ಪ್ಯಾದೆಗೆ ಒಂದು ಒಲ್ಲೆ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಫೋನು ಮಾಡಿದವನು ನಾನು. ಅತ್ತೆಯ ದನಿಯಲ್ಲಿ ಮಾತಾಡಿದವನು ನಾನು. ಅವಳು ಜೀವದ ಹಾಗೆ ಇಟ್ಟುಕೊಂಡಿದ್ದ ಚದುರಂಗದ ಕಾಯಿಗಳನ್ನು, ಅವಳು ಬಚ್ಚಲಲ್ಲಿದ್ದಾಗ, ಗೆದ್ದರೆ ಒಯ್ಯಿರಿ ಎಂದು ಬೀಗರಿಗೆ ಹೇಳಿಬಿಟ್ಟವನೂ ನಾನೇ. ಇದರಲ್ಲಿ ಇನ್ನೊಬ್ಬರ ಕೈವಾಡವಿಲ್ಲ. ಇದ್ದಿದ್ದರೆ ಇಷ್ಟೊತ್ತಿಗೆ ಅವರ ತಪ್ಪೊಪ್ಪಿಗೆಯನ್ನೂ ಅವರದೇ ದನಿಯಲ್ಲಿ ನಾನೇ ಮಾಡಿ ಮುಗಿಸಿರುತ್ತಿದ್ದೆ.

ಬನಹಟ್ಟಿಯಲ್ಲಿ ನನ್ನ ಉದ್ಯೋಗವೇ ದನಿ. ರಿಕ್ಷಾದ ನೆತ್ತಿಗೆ ಭೋಂಗಾ ಕಟ್ಟಿಕೊಂಡು ಓಣಿ ಓಣಿ ತಿರುಗುವ ಪ್ರಚಾರ ಇರುತ್ತದಲ್ಲ, ಸೀರೆ ಸೇಲು, ಹಲ್ಲಿನ ಶಿಬಿರ, ಕಳೆದುಹೋದ ಎಮ್ಮೆ, ಅದಕ್ಕೆಲ್ಲ ಮಾತು ಮುದ್ರಿಸಿ ಕೊಡುವವನು ನಾನು. ಒಮ್ಮೆ ಚಿಮ್ಮಡದ ಒಬ್ಬ ರೈತರ ಎಮ್ಮೆ ಕಳೆದಾಗ, ಪ್ರಚಾರದ ಕೊನೆಗೆ ಎಮ್ಮೆಯ ದನಿಯನ್ನೂ ಸೇರಿಸಿದ್ದೆ. ಎಮ್ಮೆ ಸಿಗಲಿಲ್ಲ. ಅದರ ಕರು ಮಾತ್ರ ರಿಕ್ಷಾದ ಹಿಂದೆ ಎರಡು ಮೈಲು ಓಡಿಬಂತು. ಬಸ್‌ಸ್ಟ್ಯಾಂಡಿನ ಕಂಟ್ರೋಲರು, ಗಣಿತದ ಮಾಸ್ತರು, ಗೊರಕೆ ಹೊಡೆಯುವ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನಿನ್ನ ಸ್ವಂತ ದನಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಜಾಗ ಸಾಲದೆ ಹೊರಗೆ ಮಲಗಿಸಿದ್ದೇನೆ ಎನ್ನುತ್ತೇನೆ.

ಎಲ್ಲರಿಗಿಂತ ಚೆನ್ನಾಗಿ ಬರುವುದು ಅತ್ತೆಯ ದನಿ. ಅತ್ತೆ ಎಂದರೆ ಅಪ್ಪನ ಅಕ್ಕ. ಅವಳು ನಮ್ಮ ಮನೆಯಲ್ಲಿದ್ದಾಳೆ ಎನ್ನುವುದಕ್ಕಿಂತ ನಾವು ಅವಳ ಮನೆಯಲ್ಲಿದ್ದೇವೆ ಎನ್ನುವುದು ಹೆಚ್ಚು ಸರಿ. ಹಗಲೆಲ್ಲ ಪಡಸಾಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಮಗ್ಗದ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆಯೇ ಕಂಡಿಕೆ. ಓಣಿಯ ಅಷ್ಟೂ ಮಗ್ಗಗಳ ಖಟಖಟದ ಮೇಲಿಂದ ಮಾತು ದಾಟಿಸಿ ದಾಟಿಸಿ, ಅವಳ ದನಿ ಗೋಡೆಗೆ ಮೊಳೆ ಹೊಡೆದ ಹಾಗಾಗಿದೆ. ಪ್ರತಿ ಮಾತಿನ ಕೊನೆಗೂ ಒಂದು ಪೆಟ್ಟು. ಇನ್ನು ಊಟಕ್ಕೆ ನೀಡುವಾಗ ಬೇಡ ಎಂಬ ಶಬ್ದ ಅವಳ ಕಿವಿಯ ಹತ್ತಿರ ಬಂದು ಹಾಗೇ ತಿರುಗಿ ಹೋಗುತ್ತದೆ. ನಮ್ಮ ಮನೆಯಿಂದ ಎದ್ದು ಹೋದ ಅತಿಥಿಗಳು ಕಡಿಮೆ. ಎಬ್ಬಿಸಿಕೊಂಡು ಹೋದವರೇ ಹೆಚ್ಚು.

ಚದುರಂಗಕ್ಕೆ ನಮ್ಮ ಕಡೆಯ ಹಿರಿಯರು ಬುದ್ಧಿಬಳ ಎನ್ನುತ್ತಾರೆ. ನಾನು ಆಡಲು ಕೂತರೆ ಅಲ್ಲಿ ಬುದ್ಧಿಯೂ ಕಾಣುವುದಿಲ್ಲ, ಬಲವೂ ಕಾಣುವುದಿಲ್ಲ. ಅತ್ತೆಯದು ಹಾಗಲ್ಲ. ಅವಳಿಗೆ ಕಲಿಸಿದವನು ಅವಳಪ್ಪ, ನಮ್ಮ ಮುತ್ಯಾ. ಮನೆಯಲ್ಲಿ ಕೈಮಗ್ಗ ನಿಂತು ಪವರ್‌ಲೂಮ್ ಬಂದಾಗ, ಮೂಲೆಗೆ ಬಿದ್ದ ಹಳೆಯ ಲಾಳಿಗಳನ್ನು ಕೊಯ್ದು ಮುತ್ಯಾ ಮೂವತ್ತೆರಡು ಕಾಯಿ ಮಾಡಿದ್ದ. ಲಾಳಿಯ ಚೂಪು ಮೂತಿಗಳೇ ಪ್ಯಾದೆಗಳು. ತುದಿಯ ಉಕ್ಕಿನ ಮೊನೆಯನ್ನು ಹಾಗೇ ಬಿಟ್ಟಿದ್ದ; ಅವಸರದಲ್ಲಿ ಹಿಡಿದರೆ ಚುಚ್ಚುತ್ತದೆ. ಮರೆತು ಬಿಟ್ಟದ್ದಲ್ಲವಂತೆ, ವಿಚಾರ ಮಾಡಿ ಕೈ ಹಾಕಲಿ ಎಂದು ಬಿಟ್ಟದ್ದಂತೆ. ಈಗ ಅದರಲ್ಲಿ ಮೂವತ್ತೊಂದು ಕಾಯಿ ಉಳಿದಿವೆ. ಕರಿಯ ರಾಜನ ಮುಂದಿನ ಪ್ಯಾದೆಯನ್ನು ನಾನು ನಾಲ್ಕು ವರ್ಷದವನಿದ್ದಾಗ ಬಾಯಿಗೆ ಹಾಕಿಕೊಂಡು, ಚುಚ್ಚಿಸಿಕೊಂಡು, ಸಿಟ್ಟಿನಲ್ಲಿ ಗಟಾರಕ್ಕೆ ಎಸೆದೆ. ಅದರ ಜಾಗದಲ್ಲಿ ಅಂದಿನಿಂದ ಒಂದು ಬರಿ ಕಂಡಿಕೆ ನಿಲ್ಲುತ್ತದೆ.

ಮುತ್ಯಾ ಹೋದ ಮೇಲೆ ಅತ್ತೆ ಬೇರೆಯವರ ಜೊತೆ ಆಡಿದ್ದು ಕಡಿಮೆ. ಮಧ್ಯಾಹ್ನ ಊಟವಾದ ಮೇಲೆ ಒಬ್ಬಳೇ ಕೂತು ಎರಡೂ ಕಡೆ ನಡೆಸುತ್ತಾಳೆ. ತನ್ನ ಸರದಿ ಬಂದಾಗ ಪಟ್ಟನೆ ಆಡುತ್ತಾಳೆ. ಮುತ್ಯಾನ ಸರದಿ ಬಂದಾಗ ಸ್ವಲ್ಪ ಕಾಯುತ್ತಾಳೆ. ಅವನು ನಿಧಾನಕ್ಕೆ ಆಡುತ್ತಿದ್ದನಂತೆ. ಇಂಥ ಕಾಯಿಗಳನ್ನು ನಾನು ಕೊಟ್ಟದ್ದು.

ಕೊಟ್ಟದ್ದು ಯಾರಿಗೆ ಎಂದರೆ ಅಕ್ಕನ ಮಾವನವರಿಗೆ. ಅಕ್ಕನನ್ನು ರನ್ನ ಬೆಳಗಲಿಗೆ ಕೊಟ್ಟಿದೆ. ಆ ಬೀಗರು ಕಬ್ಬಿನ ರೈತರು. ಮೀಸೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತಾಗ ಫೋನಿನಲ್ಲಿ ಚದುರಂಗದ ವಿಡಿಯೋ ನೋಡಿ, ಒಂದೇ ಒಂದು ಆಟ ಕಲಿತಿದ್ದರು. ಆ ಒಂದರಲ್ಲೇ ನಾಲ್ಕು ತಾಲೂಕು ಸುತ್ತಿದ್ದರು.

ಆ ಆಟ ಹೀಗೆ. ಬಿಳಿ ಕಾಯಿ ಯಾವಾಗಲೂ ಅವರದು. ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನಡೆಸುತ್ತಾರೆ. ನೀವೂ ಎದುರಿಗೆ ಅದನ್ನೇ ಮಾಡುತ್ತೀರಿ. ಆಗ ಅವರು ರಾಜನ ಬಲಕ್ಕೆ ನಿಂತ ಒಂಟೆಯ ಮುಂದಿನ ಪ್ಯಾದೆಯನ್ನು ದೂಡಿ, ನಿಮ್ಮ ಪ್ಯಾದೆಯ ಬಾಯಿಗೇ ತಂದಿಟ್ಟು, ಮೀಸೆ ಸವರಿ ಹೇಳುತ್ತಾರೆ:

"ತಗೋರಿ. ಸಂಕೋಚ ಮಾಡಬ್ಯಾಡ್ರಿ. ನಮ್ಮ ಮನೀದು."

ವಿಡಿಯೋದವರು ಇದಕ್ಕೆ ಕಿಂಗ್ಸ್ ಗ್ಯಾಂಬಿಟ್ ಎನ್ನುತ್ತಾರೆ. ಬೀಗರು "ಕೊಟ್ಟು ಕೆಡವೂದು" ಎನ್ನುತ್ತಾರೆ. ಪುಕ್ಕಟೆ ಪ್ಯಾದೆ ತಿನ್ನಲು ನಿಮ್ಮ ಪ್ಯಾದೆ ಪಕ್ಕಕ್ಕೆ ಸರಿಯುತ್ತದೆ, ಹಲಗೆಯ ನಡುಭಾಗ ಅವರ ಪಾಲಾಗುತ್ತದೆ. ಆಮೇಲೆ ಕುದುರೆ, ಒಂಟೆ, ವಜೀರ ಎಲ್ಲ ನಿಮ್ಮ ರಾಜನ ಮನೆಗೆ ನೆಂಟರ ಹಾಗೆ ನುಗ್ಗುತ್ತವೆ. ಮುಧೋಳದಲ್ಲಿ ಒಬ್ಬ ಕಂಡಕ್ಟರು, ಜಮಖಂಡಿಯಲ್ಲಿ ಒಬ್ಬ ವಕೀಲರು, ಗಲಗಲಿಯಲ್ಲಿ ಹೊಳೆದಂಡೆಗೆ ಕೂತ ಒಬ್ಬ ಮಾಸ್ತರು, ಎಲ್ಲರೂ ಆ ಪ್ಯಾದೆಯನ್ನು ತಿಂದೇ ಕೆಟ್ಟಿದ್ದರು. ತಿನ್ನದೆ ಏನು ಮಾಡುತ್ತಾರೆ? ನಮ್ಮ ಸೀಮೆಯಲ್ಲಿ ಎದುರಿಗೆ ಕೂತವರು ಪ್ರೀತಿಯಿಂದ ಕೊಟ್ಟದ್ದನ್ನು ಒಲ್ಲೆ ಎಂದರೆ ಹಸಿವಿಲ್ಲ ಎಂದರ್ಥವಲ್ಲ. ನಿನ್ನ ಮನೆ ನನಗೆ ಸೇರುವುದಿಲ್ಲ ಎಂದರ್ಥ. ಕೊಟ್ಟವರು ಬೀಗರಾಗಿದ್ದರಂತೂ ಮುಗಿಯಿತು. ಅಪ್ಪ ಎರಡು ಸಲ ತಿಂದು ಎರಡು ಸಲ ಸೋತು, ಎರಡು ಸಲವೂ "ಛಲೋ ಇತ್ತು" ಎಂದಿದ್ದ.

ನನ್ನ ಸರದಿ ಬಂದದ್ದು ಅಕ್ಕನ ಮನೆಯಲ್ಲಿ, ಎಲ್ಲರೂ ಕೂತಿದ್ದಾಗ. ನಾನು ಬೀಗರ ಮೀಸೆ ಸವರುವಿಕೆಯನ್ನು ಅವರೆದುರೇ ನಕಲು ಮಾಡಿ, ಅವರದೇ ದನಿಯಲ್ಲಿ "ಕೊಡ್ರಿ, ಸಂಕೋಚ ಎಲ್ಲೀದು" ಎಂದು ಪ್ಯಾದೆ ತಿಂದೆ. ಎಲ್ಲರೂ ನಕ್ಕರು. ಹತ್ತು ನಡೆ ಕಳೆಯುವುದರೊಳಗೆ ನನ್ನ ರಾಜ, ಸಂತೆಯಲ್ಲಿ ಕೈ ತಪ್ಪಿದ ಕೂಸಿನ ಹಾಗೆ, ಹಲಗೆಯ ನಡುವೆ ಒಬ್ಬನೇ ನಿಂತಿದ್ದ. ಮತ್ತೆ ಎಲ್ಲರೂ ನಕ್ಕರು. ಎರಡನೆಯ ನಗು ಮೊದಲಿನದಕ್ಕಿಂತ ಜೋರಾಗಿತ್ತು, ಅದರಲ್ಲಿ ಅಕ್ಕನದು ಎಲ್ಲರಿಗಿಂತ ಜೋರು.

"ತಮ್ಮಾ, ನನ್ನ ದನಿ ಛಲೋ ತಗೀತಿ ನೋಡು," ಬೀಗರು ನನ್ನ ಬೆನ್ನು ತಟ್ಟಿದರು. "ಹಂಗ ಆಟಾನೂ ಒಂದೀಟು ತಗಿಯಪಾ."

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಅವರು ಮುಂದುವರಿದು, "ಮದುವ್ಯಾಗ ನೋಡೇನಿ, ನಿಮ್ಮ ಮನ್ಯಾಗ ಲಾಳಿ ಕಾಯಿ ಅದಾವು. ಅಂಥಾವು ಇಟ್ಟಕೊಂಡು ಏನ ಮಾಡ್ತೀರೋ? ಆಡಾವರ ಇಲ್ಲ. ನಮ್ಮಲ್ಲೆ ಇದ್ದಿದ್ದರ ನಾಕ ಮಂದಿ ಮುಟ್ಟತಿದ್ದರು," ಎಂದುಬಿಟ್ಟರು. ಆಡುವವರಿಲ್ಲವೇ? ನಮ್ಮ ಅತ್ತೆ ಇಲ್ಲವೇ? ಬನಹಟ್ಟಿಗೆ ಬರುವತನಕ ಬಸ್ಸಿನಲ್ಲಿ ಅದೇ ಕುದಿಯುತ್ತಿತ್ತು. ಅತ್ತೆಯನ್ನೇ ಆಡು ಎಂದು ಕೇಳಬಹುದಿತ್ತು. ಆದರೆ ಕೇಳಿದರೆ ಅವಳು ಕಂಡಿಕೆ ಸುತ್ತುವುದು ಬಿಟ್ಟು ಏಳುವವಳಲ್ಲ. ಹಾಗಾಗಿ ಮಂಗಳವಾರ ಹನ್ನೊಂದಕ್ಕೆ, ಅವಳು ಜಳಕಕ್ಕೆ ಹೋದಾಗ, ಅವಳ ಫೋನಿನಿಂದಲೇ, ಅವಳ ದನಿಯಲ್ಲಿಯೇ ಬೀಗರಿಗೆ ಫೋನು ಹಚ್ಚಿದೆ.

"ಬೀಗರ, ನಮ್ಮ ಹುಡುಗನ್ನ ಸೋಲಿಸಿದ್ರಂತ. ಹುಡುಗೂರ ಜೋಡಿ ಎಂಥಾ ಆಟಾರಿ? ರವಿವಾರ ಬರ್ರಿ, ನನ್ನ ಜೋಡಿ ಕುಂಡ್ರಿ."

"ಅಬಬಾ, ಬೀಗತ್ಯಾರು! ಬರತೀನ್ರಿ. ಆದರ ಸುಮ್ಮ ಸುಮ್ಮನ ಆಡಾಂವ ಅಲ್ಲ ನಾ. ಗೆದ್ದರ ಏನ ಕೊಡತೀರಿ?"

"ಏನ ಬೇಡತೀರಿ ಬೇಡ್ರಿ."

"ಆ ಲಾಳಿ ಕಾಯಿ ಕೊಡತೀರೇನು?"

ಇಲ್ಲಿ ನಾನು ನಿಲ್ಲಬೇಕಿತ್ತು. ಆದರೆ ನಕಲು ಮಾಡುವವರ ಕಷ್ಟ ನಿಮಗೆ ಗೊತ್ತಿಲ್ಲ. ದನಿ ಒಮ್ಮೆ ಓಡತೊಡಗಿದರೆ ಅದು ತನ್ನ ಹಳೆಯ ಹಾದಿಯಲ್ಲೇ ಓಡುತ್ತದೆ. ಅತ್ತೆ ಮನೆಗೆ ಬಂದವರಿಗೆ ಇಲ್ಲ ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನನ್ನ ಗಂಟಲಲ್ಲಿ ಅವಳ "ಇಲ್ಲ" ಇರಲೇ ಇಲ್ಲ. ಇದ್ದದ್ದು ಒಂದೇ ಮಾತು, ಅದು ತಾನಾಗಿ ಹೊರಬಿತ್ತು.

"ಒಯ್ರಿ. ಯಾರ ಬ್ಯಾಡ ಅಂದಾರ?"

ಬೀಗರು ಫೋನಿನಲ್ಲೇ ತೊಡೆ ತಟ್ಟಿದ ಸಪ್ಪಳ ಕೇಳಿಸಿತು. "ಆತ್ರಿ! ಒಂದ ವ್ಯಾಳೆ ನಾ ಸೋತರ, ನೀವು ನೀಡಿದ್ದಕ್ಕ ಸಾಕು ಅನ್ನಂಗಿಲ್ಲ. ಖುಷೀನ?"

ಎರಡು ದಿನ ನಾನು ಮನೆಯಲ್ಲಿ ಬಹಳ ಒಳ್ಳೆಯವನಾಗಿದ್ದೆ. ನೀರು ತುಂಬಿದೆ, ಕಂಡಿಕೆಯ ಬುಟ್ಟಿ ಹೊತ್ತೆ. ಹುಡುಗನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅಪ್ಪ ಹಣೆ ಮುಟ್ಟಿ ನೋಡಿದ. ಗುರುವಾರ ಬೀಗರು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲು ಅತ್ತೆಗೇ ಫೋನು ಮಾಡಿದರು. ಅತ್ತೆ ಕಂಡಿಕೆಯ ರಾಟೆ ನಿಲ್ಲಿಸಿ, ಹೂಂ, ಹೂಂ, ಹೂಂ ಎಂದು ಮೂರು ಸಲ ಅಂದು, "ಬರ್ರಿ" ಎಂದು ಫೋನು ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು.

"ನಾ ಯಾವಾಗ ಫೋನ ಮಾಡಿದ್ನಿ ಅವರಿಗೆ?"

"ಮಂಗಳವಾರ. ಹನ್ನೊಂದಕ್ಕ."

"ಮಂಗಳವಾರ ಹನ್ನೊಂದಕ್ಕ ನಾ ಏನ ಮಾಡಾಕತ್ತಿದ್ನಿ?"

"ಜಳಕಾ ಮಾಡಾಕತ್ತಿದ್ದಿ ಅತ್ತಿ."

"ಅಂದ್ರ ಜಳಕಾ ಮಾಡಕೋತ ನಮ್ಮಪ್ಪನ ಕಾಯಿ ಕೊಟ್ಟಬಿಟ್ಟೆ ಅನ್ನು."

ನನಗೆ ಬೈಯಲಿಲ್ಲ. ಬೈದಿದ್ದರೆ ಅದನ್ನು ನಕಲು ಮಾಡಿಯಾದರೂ ಹಗುರಾಗುತ್ತಿದ್ದೆ. ಎದ್ದು ಹೋಗಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ಕಾಯಿಗಳ ಪೆಟ್ಟಿಗೆ ತಂದು, ಒಂದೊಂದನ್ನೂ ಸೆರಗಿನಿಂದ ಒರೆಸಿ ಸಾಲಾಗಿ ಇಟ್ಟಳು, ಊರಿಗೆ ಹೊರಟ ಮಕ್ಕಳ ಮುಖ ಒರೆಸುವ ಹಾಗೆ. ರಾಟೆ ಅವತ್ತು ಮತ್ತೆ ತಿರುಗಲಿಲ್ಲ. ಅದು ನಿಂತದ್ದನ್ನು ಕೇಳಿ ಅಪ್ಪ ಒಳಗಿಂದ ಬಂದ. ಸಂಗತಿ ತಿಳಿದು ನನ್ನನ್ನು ಹೊಡೆಯಲು ಚಪ್ಪಲಿ ಹುಡುಕಿದ. ಅದು ನನ್ನ ಕಾಲಲ್ಲೇ ಇದ್ದದ್ದರಿಂದ ಬಿಟ್ಟ.

"ಈಗ ಫೋನ ಮಾಡಿ ಖರೆ ಹೇಳೂಣ ಅಕ್ಕಾ. ಹುಡುಗ ಹುಚ್ಚಾಟ ಮಾಡ್ಯಾನ ಅನ್ನೂಣ," ಎಂದ ಅಪ್ಪ.

"ಬ್ಯಾಡ. ಇವತ್ತು ಹೇಳಿದರ ಸೋಲೂ ಅಂಜಿಕಿಗೆ ಹೇಳಿದಂಗ. ಗೆದ್ದು ಹೇಳಿದರ ಖರೆ ಹೇಳಿದಂಗ," ಎಂದಳು ಅತ್ತೆ. "ಮಗಳ ಕೊಟ್ಟ ಮನಿ ಅದು. ನನ್ನ ದನಿಲೆ ಹೋದ ಮಾತು ನನ್ನ ಮಾತ." ಆಮೇಲೆ ನನಗೆ: "ನೀ ರವಿವಾರದ ತನಕ ಯಾರ ದನೀನೂ ತಗೀಬಾರದು. ನಿನ್ನದರಾಗ ಮಾತಾಡು."

ಅದು ದೊಡ್ಡ ಶಿಕ್ಷೆ. ನನ್ನ ದನಿಯಲ್ಲಿ "ಅತ್ತಿ, ಚಾ ಆತೇನು" ಎಂದೆ. ಅಪ್ಪ ಹೊರಗೆ ಯಾರೋ ಬಂದರು ಎಂದು ಬಾಗಿಲು ತೆಗೆಯಲು ಹೋದ.

ಶುಕ್ರವಾರ ಮಧ್ಯಾಹ್ನ ಅತ್ತೆ ಹಲಗೆ ಹಾಸಿ ಕರೆದಳು. ಮುತ್ಯಾನ ಆಟ ಕಾಯುವ ಆಟ. ಹೀಗೆ ಕೊಟ್ಟು ಕೆಡವುವುದನ್ನು ಅವಳು ಕಂಡಿರಲಿಲ್ಲ.

"ಬೀಗರು ಹೆಂಗ ಆಡತಾರ ತೋರಸು."

"ದನಿ ತಗೀಲೇನು?"

"ಅವರದೊಂದು ತಗಿ. ಹೆಚ್ಚಿಗಿ ತಗೀಬ್ಯಾಡ."

ಕರಿ ನೂಲಿನ ಎಳೆಗಳನ್ನು ಮೂಗಿನ ಕೆಳಗೆ ಅಂಟಿಸಿಕೊಂಡು ನಾನು ಬೀಗರಾದೆ. ಅವರು ಯಾವ ಕಾಯಿ ಎಲ್ಲಿ ಇಡುತ್ತಾರೆ, ಇಡುವ ಮುಂಚೆ ತೊಡೆ ಹೇಗೆ ಕುಣಿಸುತ್ತಾರೆ, ಎಲ್ಲ ನನ್ನ ಕಣ್ಣಲ್ಲಿತ್ತು. ಪ್ಯಾದೆ ದೂಡಿದೆ: "ತಗೋರಿ, ಸಂಕೋಚ ಮಾಡಬ್ಯಾಡ್ರಿ." ಅತ್ತೆ ತಗೊಂಡಳು. ಸೋತಳು. ಮತ್ತೆ ತಗೊಂಡಳು. ಮತ್ತೆ ಸೋತಳು. ನಾನು ನಾನಾಗಿ ಕೂತು ಅತ್ತೆಯನ್ನು ಒಮ್ಮೆಯೂ ಸೋಲಿಸಿದವನಲ್ಲ. ಬೀಗರಾಗಿ ಕೂತು ಎರಡು ಸಲ ಗೆದ್ದೆ. ಖುಷಿಯಿಂದ ಮೀಸೆ ಸವರಿದೆ, ಅರ್ಧ ಮೀಸೆ ಕೈಗೆ ಬಂತು. ಅತ್ತೆ ನಗಲಿಲ್ಲ. ಅವಳು ಹಲಗೆಯ ಮೇಲಿನ ಕಾಯಿಗಳನ್ನಲ್ಲ, ಬೀಗರು ಒಯ್ಯಲಿರುವ ಕಾಯಿಗಳನ್ನು ನೋಡುತ್ತಿದ್ದಳು.

ಮೂರನೆಯ ಆಟಕ್ಕೆ ನಾನು "ತಗೋರಿ" ಎಂದಾಗ ಅವಳು ಪ್ಯಾದೆಯನ್ನು ಮುಟ್ಟಲಿಲ್ಲ.

"ಒಲ್ಲೆ," ಎಂದಳು. ತನ್ನ ಒಂಟೆಯನ್ನು ಹೊರಗೆ ತಂದು, ನನ್ನ ರಾಜನ ಕಡೆ ಓರೆಯಾಗಿ ನೋಡುವ ಹಾಗೆ ನಿಲ್ಲಿಸಿದಳು.

ನನ್ನ ಕೈ ಉಳಿದರ್ಧ ಮೀಸೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಯಾಕ? ಆಡು."

"ಏನ ಆಡಬೇಕೋ ಗೊತ್ತಾಗವಲ್ದು ಅತ್ತಿ. ಒಲ್ಲೆ ಅಂದ್ರ ಬೀಗರು ಏನ ಮಾಡತಾರ, ನಾ ನೋಡಿಲ್ಲ. ಯಾರೂ ಅಂದಿಲ್ಲಲ್ಲ."

ನಕಲಿಗೆ ಅಸಲು ಬೇಕು. ಅಸಲು ಎಂದೂ ಮಾಡದ್ದನ್ನು ನಾನು ಎಲ್ಲಿಂದ ತರಲಿ? ಅತ್ತೆ ಮೊದಲ ಸಲ ಹಲಗೆಯಿಂದ ತಲೆ ಎತ್ತಿ ನನ್ನನ್ನು ಸರಿಯಾಗಿ ನೋಡಿದಳು.

"ನೀ ನೋಡಿಲ್ಲೋ, ಅವರಿಗ ಗೊತ್ತಿಲ್ಲೋ?"

ಅಕ್ಕನಿಗೆ ಫೋನು ಹಚ್ಚಿದೆವು. ಮಾವನವರ ಪ್ಯಾದೆಯನ್ನು ಇಲ್ಲಿಯತನಕ ಯಾರಾದರೂ ಒಲ್ಲೆ ಎಂದದ್ದುಂಟೇ? ಅಕ್ಕ ಅತ್ತಕಡೆಯಿಂದ ಪಿಸುಗುಟ್ಟಿದಳು: "ಒಲ್ಲೆ ಅಂದು ಈ ಮನೀ ಹೊಸ್ತಲಾ ದಾಟಿದಾವರು ಯಾರದಾರೋ?"

ಅತ್ತೆ ಫೋನು ನನ್ನ ಕೈಗೆ ಕೊಟ್ಟು, ಹಲಗೆಯ ನಡುವೆ ನಿಂತಿದ್ದ ತನ್ನ ಕಂಡಿಕೆ ಪ್ಯಾದೆಯನ್ನು ಬೆರಳಲ್ಲಿ ಮುಟ್ಟಿದಳು. ಒಂಟೆ ಹೊರಗೆ ಬಂದರೂ ಅದಕ್ಕೆ ಕಾವಲಿರಲಿಲ್ಲ. ಬೀಗರು ಕೊಡಲು ತಂದ ಪ್ಯಾದೆಯೇ ಓರೆಯಾಗಿ ಬಂದು ಅದನ್ನು ತಿನ್ನಬಹುದಿತ್ತು.

"ಹಂಗಾರ ನಾ ಇದನ್ನ ಕೊಟ್ಟರ? ಬೀಗರು ಬೀಗರ ಮನಿಗೆ ಬಂದಿರತಾರ. ಒಲ್ಲೆ ಅನ್ನಾಕ ಅವರಿಗೂ ಬರಂಗಿಲ್ಲಲ್ಲಾ."

ಮುಂದೆ ಏನು ಕಂಡಳೋ ನನಗೆ ಹೇಳಲಿಲ್ಲ. ನನ್ನ ಬಾಯಿ ಅವಳಿಗೆ ಗೊತ್ತು.

ರವಿವಾರ ಬೀಗರು ಮೋಟರ್‌ಸೈಕಲ್ಲಿನ ಹಿಂದೆ ಒಂದು ಹೊರೆ ಕಬ್ಬು ಕಟ್ಟಿಕೊಂಡು ಬಂದರು. ಕೈಯಲ್ಲಿ ಪೇಢೆಯ ಖಾಲಿ ಡಬ್ಬಿ. ಒಳಗೆ ಹತ್ತಿ ಹಾಸಿತ್ತು.

"ಇದ್ಯಾಕ್ರಿ?" ಎಂದ ಅಪ್ಪ.

"ಕಾಯಿ ಒಯ್ಯೂ ಮುಂದ ಒಂದಕ್ಕೊಂದು ಬಡೀಬಾರದಲ್ರಿ," ಎಂದರು ಬೀಗರು, ತೀರ ಮುತುವರ್ಜಿಯಿಂದ. ಅತ್ತೆ ಆ ಹತ್ತಿಯ ಕಡೆ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಓಣಿಯ ಮಗ್ಗಗಳು ಅಬ್ಬರಿಸುತ್ತಿದ್ದವು. ಪಡಸಾಲೆಯಲ್ಲಿ ಹಲಗೆ ಹಾಸಿತ್ತು. ರಾಜನ ಪ್ಯಾದೆ ಎರಡು ಮನೆ. ಎದುರಿಗೆ ಕಂಡಿಕೆ ಎರಡು ಮನೆ. ಬೀಗರು ತೊಡೆ ಕುಣಿಸಿ ಎರಡನೆಯ ಪ್ಯಾದೆ ದೂಡಿದರು.

"ತಗೋರಿ ಬೀಗತ್ಯಾರ. ಸಂಕೋಚ ಮಾಡಬ್ಯಾಡ್ರಿ. ನಮ್ಮ ಮನೀದು."

"ಒಲ್ಲೆ," ಎಂದು ಅತ್ತೆ ಒಂಟೆ ತೆಗೆದಳು.

ಬೀಗರಿಗೆ ಮಗ್ಗದ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಕಾಣುತ್ತದೆ. "ಆಂ?"

"ಒಲ್ಲೆ ಅಂದ್ನಿ. ಹೊಟ್ಟಿ ತುಂಬೇತಿ. ನೀವ ನಮ್ಮದು ತಗೋರಿ."

ಬೀಗರು ತಮ್ಮ ಪ್ಯಾದೆ ನೋಡಿದರು. ಅತ್ತೆಯ ಮುಖ ನೋಡಿದರು. ಅವರ ಕೈ ಮೀಸೆಯತ್ತ ಎದ್ದು, ಅಲ್ಲೇ ನಿಂತಿತು. ಶುಕ್ರವಾರ ನಾನು ನಿಲ್ಲಿಸಿದ್ದೆನಲ್ಲ, ಸರಿಯಾಗಿ ಆ ಜಾಗದಲ್ಲಿ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ನಕಲು ನಾನು ಮಾಡಿರಲಿಲ್ಲ, ಅದೂ ಅಸಲಿಗಿಂತ ಎರಡು ದಿನ ಮುಂಚೆ.

"ನೀವು ತಿನ್ನದಿದ್ದರ ನಾವು ತಿಂತೀವಿ," ಎಂದು ಕೊನೆಗೆ ನಕ್ಕು, ಅದೇ ಪ್ಯಾದೆಯಿಂದ ಕಂಡಿಕೆಯನ್ನು ತಿಂದರು. ಅವಸರದಲ್ಲಿ ಪ್ಯಾದೆಯ ಮೊನೆ ಚುಚ್ಚಿ, ಬೆರಳು ಬಾಯಿಗೆ ಹಾಕಿಕೊಂಡರು.

ಅತ್ತೆ ವಜೀರನನ್ನು ಓರೆಯಾಗಿ ಹಲಗೆಯ ಅಂಚಿನವರೆಗೆ ಎಳೆದು ರಾಜನಿಗೆ ಗುರಿ ಇಟ್ಟಳು. "ಶಹಾ."

ಸರಿಯಾಗಿ ಆಗಲೇ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಮ್ಮೂರಲ್ಲಿ ಆ ಮೌನ ಬಂದರೆ ಎಲ್ಲರೂ ಹೊರಗೆ ಬರುತ್ತಾರೆ. ಹಾಗೆ ಬಂದ ನೇಕಾರರು, ನಮ್ಮ ಪಡಸಾಲೆಯಲ್ಲಿ ಬೀಗರು ಬೆರಳು ಚೀಪುತ್ತಾ ಕೂತಿದ್ದನ್ನು ಕಂಡು ಕಟ್ಟೆಗೆ ಬಂದು ನಿಂತರು.

ರಾಜನಿಗೆ ಅಡ್ಡವಾಗಿ ಬೀಗರು ಒಂದು ಪ್ಯಾದೆ ಏರಿಸಿದರು. ಅತ್ತೆಯ ವಜೀರ ತಿರುಗಿ ಹಲಗೆಯ ನಡುವಿದ್ದ ಅವರ ಮೊದಲ ಪ್ಯಾದೆಯನ್ನು ತಿಂದು ಮತ್ತೆ ಶಹಾ ಕೊಟ್ಟಿತು. ಅಲ್ಲಿಂದ ಅದರ ಒಂದು ಕಣ್ಣು ರಾಜನ ಮೇಲೆ, ಇನ್ನೊಂದು ಕಣ್ಣು ಮೂಲೆಯ ಆನೆಯ ಮೇಲೆ. ಬೀಗರು ತಮ್ಮ ವಜೀರನನ್ನು ಅಡ್ಡ ತಂದು ರಾಜನನ್ನು ಉಳಿಸಿಕೊಂಡರು. ಅತ್ತೆ ಆನೆಯನ್ನು ತಿಂದಳು.

ಕಟ್ಟೆಯ ಮೇಲಿಂದ ಒಬ್ಬರು, "ಆನಿ ಹೋತರಿ ಬೀಗರ!" ಎಂದರು. ನಾನಲ್ಲ, ದೇವರಾಣೆ.

ಆದರೆ ಬೀಗರು ಸುಮ್ಮನೆ ನಾಲ್ಕು ತಾಲೂಕು ಗೆದ್ದವರಲ್ಲ. ಬೆರಳು ಬಾಯಿಂದ ತೆಗೆದು, ತೊಡೆ ಕುಣಿಸುವುದು ನಿಲ್ಲಿಸಿ, ಬಹಳ ಹೊತ್ತು ನೋಡಿದರು. ಕುದುರೆಯನ್ನು ಮುಂದಕ್ಕೆ ನೆಗೆಸಿದರು. ಆಗ ಗೊತ್ತಾಯಿತು: ಮೂಲೆಗೆ ಹೋದ ಅತ್ತೆಯ ವಜೀರನಿಗೆ ತಿರುಗಿ ಬರಲು ದಾರಿಯಿಲ್ಲ. ಅತ್ತೆ ಕುದುರೆಯೊಂದನ್ನು ಹೊರಗೆ ತಂದಳು, ಅಷ್ಟೆ. ಬೀಗರು ಒಂಟೆಯನ್ನು ಒಂದೇ ಮನೆ ಸರಿಸಿ ಮೂಲೆಯ ವಜೀರನಿಗೆ ಗುರಿ ಇಟ್ಟರು.

"ಸಿಕ್ಕಬಿತ್ತು ನೋಡ್ರಿ ನಿಮ್ಮ ವಜೀರ. ಉಣ್ಣಾಕ ಬಂದಾಂವನ ಮ್ಯಾಲ ಬಾಗಲಾ ಹಾಕಿದಂಗಾತು!" ಬೀಗರು ಪೇಢೆಯ ಡಬ್ಬಿಯ ಮುಚ್ಚಳವನ್ನು ತೆಗೆದು ಪಕ್ಕಕ್ಕಿಟ್ಟರು.

ಆ ಹತ್ತಿಯಲ್ಲಿ ಮುತ್ಯಾನ ಕಾಯಿಗಳು ಮಲಗಿ ಬೆಳಗಲಿಯ ಹಾದಿ ಹಿಡಿದದ್ದು ಕಣ್ಣಿಗೆ ಕಟ್ಟಿತು. ನಾಳೆಯಿಂದ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಯಾರ ಸರದಿಗೆ ಕಾಯುತ್ತಾಳೆ? ಹೇಳಿಬಿಡೋಣ, ಫೋನು ಮಾಡಿದ್ದು ನಾನೇ ಎಂದು ಈಗಲೇ ಕೂಗಿಬಿಡೋಣ ಎಂದು ಬಾಯಿ ತೆರೆದೆ. ಇಷ್ಟು ಜನರ ದನಿ ಇಟ್ಟುಕೊಂಡವನ ಬಾಯಿಂದ ಒಂದು ಮಾತೂ ಬರಲಿಲ್ಲ.

ಅತ್ತೆ ಸ್ವಲ್ಪ ಕಾಯ್ದಳು. ಮುತ್ಯಾನ ಸರದಿಗೆ ಕಾಯುತ್ತಿದ್ದಳಲ್ಲ, ಅಷ್ಟೇ ಹೊತ್ತು. ಆಮೇಲೆ ಮೂಲೆಯ ವಜೀರನ ಕಡೆ ನೋಡದೆ, ಕುದುರೆಯನ್ನು ಎತ್ತಿ ಹಲಗೆಯ ನಡುವಿಗೆ ಹಾರಿಸಿದಳು. ಆ ಕುದುರೆ ಬೀಗರ ವಜೀರನ ಮೇಲೆಯೇ ಗುರಿ ಇಟ್ಟಿತ್ತು.

"ನಮ್ಮ ವಜೀರ ನೀವು ತಗೋರಿ. ನಿಮ್ಮ ವಜೀರ ನಾ ತಗೋತೀನಿ. ಬೀಗರಾಗ ಲೆಕ್ಕ ಸಮಾ ಇರಲಿ."

ಬೀಗರು ತಗೊಂಡರು. ಅತ್ತೆಯೂ ತಗೊಂಡಳು. ವಜೀರನಿಗೆ ವಜೀರ ಹೋಯಿತು, ಆ ಕುದುರೆಯನ್ನು ಬೀಗರ ರಾಜ ತಿಂದ, ಆದರೂ ಆಗಲೇ ತಿಂದಿದ್ದ ಆನೆ ಅತ್ತೆಯ ಹೊಟ್ಟೆಯಲ್ಲೇ ಉಳಿಯಿತು. ಮುಂದಿನದು ಮುತ್ಯಾನ ಆಟ. ಒಂದಕ್ಕೊಂದು ಕೊಟ್ಟು, ಒಂದಕ್ಕೊಂದು ಪಡೆದು, ಅವಸರವಿಲ್ಲದೆ ಹಲಗೆಯನ್ನು ಬರಿದು ಮಾಡುತ್ತಾ ಹೋದಳು. ಕರೆಂಟು ಬಂತು, ಮಗ್ಗಗಳು ಮತ್ತೆ ಬಡಿಯತೊಡಗಿದವು, ಆದರೆ ನೇಕಾರರು ಕಟ್ಟೆ ಬಿಟ್ಟು ಕದಲಲಿಲ್ಲ. ಕೊನೆಗೆ ಬೀಗರ ಕಡೆ ರಾಜ, ಒಂದು ಒಂಟೆ, ಮೂರು ಪ್ಯಾದೆ. ಅತ್ತೆಯ ಕಡೆಯೂ ರಾಜ, ಮೂರು ಪ್ಯಾದೆ, ಒಂಟೆಯ ಬದಲು ಮಾತ್ರ ಒಂದು ಆನೆ. ಬೀಗರು ತಾವೇ ರಾಜನನ್ನು ಮಲಗಿಸಿ, ಡಬ್ಬಿಯ ಮುಚ್ಚಳ ಹಾಕಿದರು.

ಅತ್ತೆ ಎದ್ದು ತಾಟು ಹಾಕಿದಳು.

ಶರತ್ತಿನ ಪ್ರಕಾರ ಸಾಕು ಅನ್ನುವಂತಿಲ್ಲ. ಎರಡು ರೊಟ್ಟಿ, ಎಣ್ಣೆಗಾಯಿ, ಮತ್ತೆರಡು ರೊಟ್ಟಿ, ಅದರ ಮೇಲೆ ಶೇಂಗಾ ಹೋಳಿಗೆ. ಮೂರನೆಯ ಹೋಳಿಗೆಗೆ ಬೀಗರು ಬೆವರಿದರು. ನಾಲ್ಕನೆಯದಕ್ಕೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮಾತು ಬೇರೆ ಕಡೆ ಎಳೆದರು.

"ಈ ಆಟ ಲೆಕ್ಕಕ್ಕ ಹಿಡ್ಯಾಂಗಿಲ್ಲ ಬೀಗತ್ಯಾರ. ಖರೆ ಹೇಳತೀನಿ, ನನ್ನ ಮನಸಿಗೆ ಹತ್ತೇತಿ. ಫೋನಿನ್ಯಾಗ ಕೇಳಿದ ಕೂಡಲೆ ಒಯ್ರಿ ಅಂದ್ರಿ, ಅಷ್ಟ ದೊಡ್ಡ ಕೈ ನಿಮ್ಮದು. ಹಲಗಿ ಮುಂದ ಕುಂತರ, ಬೀಗರು ಪ್ರೀತಿಲೆ ಕೊಟ್ಟ ಒಂದ ಪ್ಯಾದಿ ಒಲ್ಲೆ ಅಂದ್ರಿ. ಒಬ್ಬಾಕಿ ಬಾಯಾಗ ಎರಡ ಮಾತು ಹೆಂಗ ಬಂದಾವು? ನಮ್ಮ ಪ್ಯಾದಿ ತಗೊಂಡು ಇನ್ನೊಂದ ಆಟಾ ಆಡ್ರಿ. ಗೆದ್ದಾವರು ಕಾಯಿ ಇಟ್ಟಕೊಳ್ಳಿ."

ಅಪ್ಪ ನನ್ನ ಕಡೆ ನೋಡಿದ. ನಾನು ನೀರಿನ ತಂಬಿಗೆಯ ಹಿಂದೆ ಸರಿಯಲು ನೋಡಿದೆ; ಎಷ್ಟು ತೆಳ್ಳಗಿದ್ದರೂ ತಂಬಿಗೆಯ ಹಿಂದೆ ಹಿಡಿಸುವಷ್ಟು ತೆಳ್ಳಗಿಲ್ಲ. ಅತ್ತೆ ನಾಲ್ಕನೆಯ ಹೋಳಿಗೆಯನ್ನು ಬೀಗರ ಕೈಗಳ ಮೇಲೆ ಹಾಗೇ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿ ಹೇಳಿದಳು:

"ಫೋನಿನ್ಯಾಗ ಒಯ್ರಿ ಅಂದಾಂವಾ ಇವನ. ನಿಮ್ಮ ಪ್ಯಾದಿ ತಿಂದು ಸೋತಾಂವನೂ ಇವನ. ಒಲ್ಲೆ ಅಂದಾಕಿ ಅಷ್ಟ ನಾನು. ಕೈ ತಗೀರಿ, ಹೋಳಿಗಿ ಆರತೇತಿ."